ಎಲೆಕ್ಟ್ರಾನು ಯಾರ ಸೊತ್ತು?

ವಿದ್ಯುತ್ತಿನ ತಂತಿಯೊಂದನ್ನು ಕತ್ತರಿಸಿ ನೋಡಿದರೆ ಒಳಗೆ ತಾಮ್ರ, ಹೊರಗೆ ಪ್ಲಾಸ್ಟಿಕ್. ಹರಿಸುವುದು ತಾಮ್ರದ ಕೆಲಸ, ತಡೆಯುವುದು ಪ್ಲಾಸ್ಟಿಕ್ಕಿನ ಕೆಲಸ. ಈ ಹಂಚಿಕೆಯನ್ನು ನಾವು ಎಷ್ಟು ಸಹಜವೆಂದು ಒಪ್ಪಿಕೊಂಡಿದ್ದೇವೆಂದರೆ ಅದರ ಬಗ್ಗೆ ಪ್ರಶ್ನೆಯೇ ಏಳುವುದಿಲ್ಲ. ಇಂಗಾಲವನ್ನು ಬೆನ್ನೆಲುಬಾಗಿ ಉಳ್ಳ ವಸ್ತುಗಳು, ಅಂದರೆ ಸಕ್ಕರೆ, ಮೇಣ, ಕರ್ಪೂರ, ರಬ್ಬರು, ಪೆಟ್ಟಿಗೆಯ ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆ, ಇವು ವಿದ್ಯುತ್ತನ್ನು ಹಾಯಗೊಡವು, ಅಯಸ್ಕಾಂತಕ್ಕೆ ಅಂಟಿಕೊಳ್ಳವು. ಹರಿಸುವ ಗುಣ ಮತ್ತು ಸೆಳೆಯುವ ಗುಣ ಲೋಹಗಳ ಹುಟ್ಟುಗುಣಗಳೆಂದು ಪಠ್ಯಪುಸ್ತಕಗಳು ಬರೆದವು, ಉಪಾಧ್ಯಾಯರು ಕಲಿಸಿದರು. ಪೆನ್ಸಿಲಿನ ಗ್ರಾಫೈಟ್ ಕೂಡ ಇಂಗಾಲವೇ ಅಲ್ಲವೇ, ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲವೇ ಎಂದು ಕೆಣಕುವ ಜಾಣ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ. ಅದೊಂದು ಅಪವಾದವೆಂದು ಹೇಳಿ ಅವನನ್ನು ಕೂರಿಸಲಾಗುತ್ತದೆ.

ಹಾಗೆ ಕೂರದೆ ಉಳಿದ ಕೆಲವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಸಾಯನಶಾಸ್ತ್ರದ ಒಂದು ಹೊಸ ಶಾಖೆಯನ್ನೇ ಕಟ್ಟಿದರು. ಅವರಲ್ಲೊಬ್ಬರು ಇಂಗ್ಲೆಂಡಿನ ಪೀಟರ್ ಡೇ. 2020ರ ಮೇ ತಿಂಗಳಲ್ಲಿ, ಲೋಕವೆಲ್ಲ ಕೊರೊನಾದ ಭಯದಿಂದ ಕದ ಮುಚ್ಚಿಕೊಂಡಿದ್ದ ದಿನಗಳಲ್ಲಿ, ಅವರು ತಮ್ಮ 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ನೊಬೆಲ್ ಪಾರಿತೋಷಕ ಪಡೆದವರಲ್ಲ. ಅವರ ಹೆಸರಿನ ಯಾವ ಯಂತ್ರವೂ ಮಾರುಕಟ್ಟೆಯಲ್ಲಿಲ್ಲ. ಆದರೂ ಅವರು ಬಾಳಿನುದ್ದಕ್ಕೂ ಬೆನ್ನುಹತ್ತಿದ ಪ್ರಶ್ನೆ ವಿಜ್ಞಾನಿಗಳಿಗೆ ಮಾತ್ರ ಮೀಸಲಾಗಬೇಕಾದುದಲ್ಲವೆಂಬುದು ನಮ್ಮ ಭಾವನೆ. ಆ ಪ್ರಶ್ನೆಯನ್ನು ಸರಳವಾಗಿ ಹೀಗೆ ಇಡಬಹುದು: ಒಂದು ಹರಳಿನೊಳಗಿನ ಎಲೆಕ್ಟ್ರಾನು ಯಾವಾಗ ಒಬ್ಬರ ಸೊತ್ತು, ಯಾವಾಗ ಎಲ್ಲರ ಸೊತ್ತು?

ಡೇ ಹುಟ್ಟಿದ್ದು 1938ರಲ್ಲಿ, ಕೆಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ. ಓದಿದ್ದು ಆಕ್ಸ್‌ಫರ್ಡಿನಲ್ಲಿ. ಮೂವತ್ತು ತುಂಬುವ ಮೊದಲೇ, 1967ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದ ಮೆಲ್ವಿನ್ ರಾಬಿನ್ ಅವರೊಡನೆ ಸೇರಿ ಬರೆದ ಒಂದು ದೀರ್ಘ ಲೇಖನದಿಂದ ಅವರ ಹೆಸರು ಸ್ಥಿರವಾಯಿತು. ಆ ಲೇಖನದ ನಾಯಕವಸ್ತುಗಳಲ್ಲೊಂದು ಪ್ರಶ್ಯನ್ ನೀಲಿ ಎಂಬ ಬಣ್ಣ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಬಣ್ಣಗಾರ ಡೀಸ್‌ಬಾಖ್ ಎಂಬಾತ ಕೆಂಪು ಬಣ್ಣ ಮಾಡಹೊರಟಾಗ ಕಲಬೆರಕೆಯ ಕ್ಷಾರದಿಂದಾಗಿ ಅಕಸ್ಮಾತ್ತಾಗಿ ಒದಗಿದ ನೀಲಿ ಇದು. ಎಂಜಿನಿಯರರ ಹಳೆಯ ನೀಲನಕ್ಷೆಗಳ ನೀಲಿಯೂ ಇದೇ. ಇದರಲ್ಲಿ ಎರಡು ಬಗೆಯ ಕಬ್ಬಿಣದ ಪರಮಾಣುಗಳಿವೆ. ಒಂದು ಬಗೆಯದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ, ಇನ್ನೊಂದು ಮೂರನ್ನು. ವಿಚಿತ್ರವೆಂದರೆ ಮೊದಲನೆಯ ಬಗೆಯ ಕಬ್ಬಿಣದ ಲವಣಗಳು ಸಾಮಾನ್ಯವಾಗಿ ತೆಳು ಹಸಿರು, ಎರಡನೆಯವು ತೆಳು ಹಳದಿ ಅಥವಾ ಕಂದು. ಈ ಗಾಢ ನೀಲಿ ಇಬ್ಬರಲ್ಲಿ ಯಾರ ಮನೆಯದೂ ಅಲ್ಲ. ಇಬ್ಬರೂ ಒಂದೇ ಹರಳಿನಲ್ಲಿ ನೆರೆಹೊರೆಯಾದಾಗ ಮಾತ್ರ ಅದು ಹುಟ್ಟುತ್ತದೆ.

ರಾಬಿನ್ ಮತ್ತು ಡೇ ಇಂಥ ವಸ್ತುಗಳನ್ನೆಲ್ಲ ಮೂರು ವರ್ಗಗಳಾಗಿ ವಿಂಗಡಿಸಿದರು. ನಮ್ಮ ಕಡೆಯ ಅಣ್ಣತಮ್ಮಂದಿರ ಸಂಸಾರದ ಹೋಲಿಕೆಯಿಂದ ಅದನ್ನು ಹೇಳಿದರೆ ತಪ್ಪಾಗಲಾರದು. ಪಾಲುಪಟ್ಟಿ ರಿಜಿಸ್ಟರಾಗಿ, ನಡುವೆ ಗೋಡೆ ಎದ್ದು, ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದಿರುವುದು ಮೊದಲನೆಯ ವರ್ಗ. ಇಲ್ಲಿ ಪ್ರತಿ ಎಲೆಕ್ಟ್ರಾನೂ ತನ್ನ ಪರಮಾಣುವಿಗೆ ಕಟ್ಟುಬಿದ್ದಿದೆ. ಒಲೆಗಳು ಬೇರೆಯಾಗಿದ್ದರೂ ಗೋಡೆಯ ಮೇಲಿನಿಂದ ಸೇರು ಅಕ್ಕಿ, ಒಂದು ತೆಂಗಿನಕಾಯಿ ಕೈಬದಲಾಗುವುದು ಎರಡನೆಯ ವರ್ಗ. ಪ್ರಶ್ಯನ್ ನೀಲಿ ಇಲ್ಲಿಗೆ ಸೇರಿದೆ. ಎಲೆಕ್ಟ್ರಾನು ಒಂದು ಕಬ್ಬಿಣದಿಂದ ಇನ್ನೊಂದಕ್ಕೆ ದಾಟಬಲ್ಲದು, ಆದರೆ ದಾಟಲು ಶಕ್ತಿ ಬೇಕು. ಆ ಶಕ್ತಿಯನ್ನು ಅದು ಬೆಳಕಿನ ಕೆಂಪು ಭಾಗದಿಂದ ಪಡೆಯುತ್ತದೆ. ಕೆಂಪು ಹೀಗೆ ವ್ಯಯವಾದ ಮೇಲೆ ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ಇನ್ನು ಮೂರನೆಯದು ಅವಿಭಕ್ತ ಕುಟುಂಬ. ಕಣಜದಲ್ಲಿರುವ ಭತ್ತ ಯಾರದೆಂದು ಕೇಳಿದರೆ ಉತ್ತರವಿಲ್ಲ. ಎಲೆಕ್ಟ್ರಾನು ಎಲ್ಲರದು. ಈ ಸಮಪಾಲು ಹರಳಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಬ್ಬಿದರೆ ಆ ಹರಳು ವಿದ್ಯುತ್ತನ್ನು ಹರಿಸುತ್ತದೆ. ಅಂದರೆ ಅದು ಲೋಹದಂತೆ ವರ್ತಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಲೋಹವೆಂಬುದು ತಾಮ್ರ, ಬೆಳ್ಳಿ, ಕಬ್ಬಿಣಗಳ ಜಾತಿಯ ಹೆಸರೆಂದು ನಾವು ತಿಳಿದಿದ್ದೆವು. ಈ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ ಅದು ಎಲೆಕ್ಟ್ರಾನುಗಳ ಒಂದು ಬಾಳುವ ಕ್ರಮದ ಹೆಸರು. ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಅರಿಸ್ಟಾಟಲನ ಪದಾರ್ಥ ವಿಭಾಗವನ್ನು ಬಾಯಿಪಾಠ ಮಾಡಿದವರು. ದ್ರವ್ಯಕ್ಕೆ ಅಲ್ಲಿ ಮೊದಲ ಪಂಕ್ತಿ. ಗುಣ, ಪರಿಮಾಣಗಳು ಅದರ ಆಶ್ರಯದಲ್ಲಿ. ಸಂಬಂಧವೆಂಬ ಪದಾರ್ಥಕ್ಕೆ ಮಾತ್ರ ಆ ಮಹಾಚಾರ್ಯ ಬಹಳ ಬಡ ಸ್ಥಾನವನ್ನು ಕೊಟ್ಟಿದ್ದ. ಇರುವಿಕೆಯಲ್ಲಿ ಅದೇ ಎಲ್ಲಕ್ಕಿಂತ ದುರ್ಬಲವೆಂದು ಅವನ ಮತ. ಪ್ರಶ್ಯನ್ ನೀಲಿಯ ಬಣ್ಣಕ್ಕೆ ನೆಲೆ ಯಾವುದೆಂದು ಅವನನ್ನು ಕೇಳಬೇಕೆಂದು ನಮಗೆ ಆಸೆ. ಅದು ಒಂದು ಕಬ್ಬಿಣದ ಗುಣವಲ್ಲ, ಇನ್ನೊಂದರ ಗುಣವೂ ಅಲ್ಲ. ಇಬ್ಬರ ನಡುವಿನ ದೂರ ಮತ್ತು ಹೊಂದಾಣಿಕೆಗಳಲ್ಲಿ ಅದು ನೆಲೆಸಿದೆ. ಇದನ್ನೇ ಎತ್ತಿಕೊಂಡು ಒಂದು ಭಾನುವಾರದ ಪ್ರಸಂಗವನ್ನು ಹೆಣೆಯುವ ಪ್ರಲೋಭನೆ ನಮ್ಮಂಥವರಿಗೆ ಬಾರದಿರದು. ರಸಾಯನಶಾಸ್ತ್ರವನ್ನು ದೃಷ್ಟಾಂತದ ಚೀಲವಾಗಿ ಬಳಸುವುದು ಅದಕ್ಕೆ ಮಾಡುವ ಗೌರವವಲ್ಲವಾದ್ದರಿಂದ ಆ ಪ್ರಲೋಭನೆಯನ್ನು ಬದಿಗಿಟ್ಟು ಮುಂದುವರಿಯುತ್ತೇವೆ.

ಲೋಹತ್ವವು ಹೊಂದಾಣಿಕೆಯ ಮಾತಾದರೆ, ಲೋಹವೇ ಇಲ್ಲದ ಕಡೆ ಆ ಹೊಂದಾಣಿಕೆಯನ್ನು ಸಾಧಿಸಬಾರದೇಕೆ? ಈ ದಿಸೆಯಲ್ಲಿ ಮೊದಲ ಹೆಜ್ಜೆ ಜಪಾನಿನದು. 1954ರಲ್ಲಿ ಅಕಮಾಟು, ಇನೊಕುಚಿ ಮತ್ತು ಮಾಟ್ಸುನಾಗ ಎಂಬ ಮೂವರು ಪೆರಿಲೀನ್ ಎಂಬ ಸಾವಯವ ವಸ್ತುವನ್ನು ಬ್ರೋಮಿನ್ನಿನೊಡನೆ ಸೇರಿಸಿ, ಅದು ವಿದ್ಯುತ್ತನ್ನು ಗಮನಾರ್ಹವಾಗಿ ಹರಿಸುವುದನ್ನು ತೋರಿಸಿದರು. ಆ ವಸ್ತು ಬಾಳಿಕೆಯದಾಗಿರಲಿಲ್ಲ. 1973ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದುದು ಹೆಚ್ಚು ಸೋಜಿಗದ್ದು. ಟಿಟಿಎಫ್ ಎಂಬ ಅಣು ಎಲೆಕ್ಟ್ರಾನು ಕೊಡುವ ಸ್ವಭಾವದ್ದು. ಟಿಸಿಎನ್‌ಕ್ಯೂ ಎಂಬುದು ತೆಗೆದುಕೊಳ್ಳುವ ಸ್ವಭಾವದ್ದು. ಬಿಡಿಬಿಡಿಯಾಗಿ ಎರಡೂ ಅವಾಹಕಗಳು. ಎರಡರ ದ್ರಾವಣಗಳನ್ನು ಬೆರೆಸಿದಾಗ ಕಪ್ಪು ಸೂಜಿಗಳಂಥ ಹರಳುಗಳು ಬಿದ್ದವು. ಅವುಗಳಲ್ಲಿ ವಿದ್ಯುತ್ತು ಲೋಹದಲ್ಲಿ ಹರಿದಂತೆ ಹರಿಯಿತು. ತಣಿಸಿದಷ್ಟೂ ಸಲೀಸಾಗಿ ಹರಿಯಿತು. ಲೋಹದ ಗುರುತೇ ಅದು. ಆದರೆ ಸುಮಾರು 60 ಕೆಲ್ವಿನ್, ಅಂದರೆ ಸೊನ್ನೆಗಿಂತ ಕೆಳಗೆ 213 ಡಿಗ್ರಿಯ ಆಸುಪಾಸಿಗೆ ಬಂದಾಗ ಹರಿವು ಕುಸಿಯಿತು. ಇನ್ನೂ ತಣಿಸಿದರೆ ಹರಳು ಮತ್ತೆ ಅವಾಹಕ.

ಕಾರಣವನ್ನು ತಿಳಿಯಲು ಕರಾವಳಿಯ ಕಾಲುಸಂಕವನ್ನು ನೆನೆದರೆ ಸಾಕು. ಆ ಹರಳಿನಲ್ಲಿ ಚಪ್ಪಟೆ ಅಣುಗಳು ತಟ್ಟೆ ಪೇರಿಸಿದಂತೆ ಒಂದರ ಮೇಲೊಂದು ಕೂತಿವೆ. ಎಲೆಕ್ಟ್ರಾನು ಆ ಪೇರಿಯುದ್ದಕ್ಕೆ ಮಾತ್ರ ಸಾಗಬಲ್ಲದು, ಅಕ್ಕಪಕ್ಕಕ್ಕೆ ದಾರಿಯಿಲ್ಲ. ಅಡಕೆ ಮರದ ಸಂಕದ ಮೇಲೆ ಒಬ್ಬ ನಿಂತರೆ ಹಿಂದಿನವರೆಲ್ಲ ನಿಂತಂತೆ. ಇಂಥ ಒಂಟಿ ಸಾಲು ತಣ್ಣಗಾದಾಗ ತಾನಾಗಿಯೇ ಜೋಡಿಜೋಡಿಯಾಗಿ ಮುದುಡಿಕೊಂಡು ಹರಿವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಪೈಯರ್ಲ್ಸ್ ಎಂಬ ಭೌತವಿಜ್ಞಾನಿ ಬಹಳ ಹಿಂದೆಯೇ ಲೆಕ್ಕದಿಂದ ಕಂಡಿದ್ದರು. 1980ರಲ್ಲಿ ಡೆನ್ಮಾರ್ಕಿನ ಬೆಕ್‌ಗಾರ್ಡ್ ತಯಾರಿಸಿದ ಹರಳನ್ನು ಫ್ರಾನ್ಸಿನ ಜೆರೋಮ್ ತಂಡ ವಾತಾವರಣದ ಸುಮಾರು 12,000 ಪಟ್ಟು ಒತ್ತಡದಲ್ಲಿ ಹಿಸುಕಿ, 0.9 ಕೆಲ್ವಿನ್ನಿನಲ್ಲಿ ಅದು ಅತಿವಾಹಕವಾಗುವುದನ್ನು ತೋರಿಸಿತು. ಅತಿವಾಹಕವೆಂದರೆ ಹರಿವಿಗೆ ಎಳ್ಳಷ್ಟೂ ಅಡ್ಡಿಯಿಲ್ಲದ ವಸ್ತು. ಸಂಕವನ್ನು ಗದ್ದೆಯ ಬಯಲಾಗಿಸುವ ಉಪಾಯವೂ ಬಳಿಕ ದೊರೆಯಿತು: ಟಿಟಿಎಫ್ ಅಣುವಿನ ಅಂಚುಗಳಿಗೆ ಇನ್ನಷ್ಟು ಗಂಧಕ ಸೇರಿಸುವುದು. ಹೀಗೆ ಎಂಟು ಗಂಧಕದ ಪರಮಾಣುಗಳುಳ್ಳ ಒಂದು ಅಣುವಿಗೆ ಈ ವಿದ್ಯೆಯವರು ಅಕ್ಕರೆಯಿಂದ ‘ಇಟಿ’ ಎಂದು ಹೆಸರಿಟ್ಟಿದ್ದಾರೆ. ಅದರ ಗಂಧಕಗಳು ಬದಿಯ ಅಣುವಿನ ಗಂಧಕಗಳನ್ನು ಮುಟ್ಟುವುದರಿಂದ ಎಲೆಕ್ಟ್ರಾನಿಗೆ ಉದ್ದಕ್ಕೂ ದಾರಿ, ಅಡ್ಡಕ್ಕೂ ದಾರಿ.

ಇನ್ನು ಕಾಂತಗಳ ಮಾತು. ಡೇ ಅವರು ಆಕ್ಸ್‌ಫರ್ಡಿನಲ್ಲಿದ್ದಾಗಲೇ ಕ್ರೋಮಿಯಂ ಕ್ಲೋರೈಡಿನ ಪದರಗಳುಳ್ಳ, ಬೆಳಕನ್ನು ಹಾಯಗೊಡುವ ಅಪರೂಪದ ಕಾಂತಗಳನ್ನು ಸಿದ್ಧಪಡಿಸಿದ್ದರು. ಆ ಪದರಗಳ ನಡುವೆ ಸಾವಯವ ಅಣುಗಳನ್ನು ತೂರಿಸಿದರೂ ಕಾಂತತ್ವ ಅಳಿಯದೆಂಬುದು ಅವರಿಗೆ ತಿಳಿದಿತ್ತು. 1991ರಲ್ಲಿ ಜಪಾನಿನ ಕಿನೊಷಿಟ ಮತ್ತು ಸಂಗಡಿಗರು ಲೋಹದ ಒಂದು ಕಣವೂ ಇಲ್ಲದ ಶುದ್ಧ ಸಾವಯವ ಕಾಂತವನ್ನು ಕಂಡರು. ಅದು 1 ಕೆಲ್ವಿನ್ನಿಗೂ ಕೆಳಗೆ ಮಾತ್ರ ಕಾಂತ. ಅದೇ ವರ್ಷ ಅಮೆರಿಕದ ಮಿಲ್ಲರ್ ಮತ್ತು ಎಪ್‌ಸ್ಟೈನ್ ಅವರ ತಂಡ ವನೇಡಿಯಂ ಲೋಹವನ್ನೂ ಸಾವಯವ ಅಣುವನ್ನೂ ಸೇರಿಸಿ, ಕೋಣೆಯ ಉಷ್ಣತೆಯಲ್ಲೇ ಕಾಂತವಾಗಿರುವ ವಸ್ತುವನ್ನು ಪಡೆಯಿತು. ಕುಲುಮೆಯಲ್ಲಿ ಕಾಯಿಸಿ ಬಡಿಯದೆ, ಗಾಜಿನ ಪಾತ್ರೆಯಲ್ಲಿ ದ್ರಾವಣ ಬೆರೆಸಿ ಕಾಂತ ಮಾಡುವ ಕಾಲ ಬಂದಿತ್ತು.

ಹಾಗಾದರೆ ಒಂದೇ ಹರಳು ಅತಿವಾಹಕವೂ ಆಗಿ, ಕಾಂತೀಯವೂ ಆಗಿ ಇರಬಹುದೇ? ಡೇ ಅವರ ಕೆಲಸದ ತಿರುಳು ಇಲ್ಲಿದೆ, ಮತ್ತು ಇದು ಸುಲಭದ ಪ್ರಶ್ನೆಯಲ್ಲ. ಈ ಎರಡು ಗುಣಗಳ ನಡುವೆ ಹಾವು ಮುಂಗುಸಿಯ ವೈರ. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಕಾಂತಸೂಜಿ. ಸಾಮಾನ್ಯ ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಚಲಿಸುತ್ತವೆ. ಜೋಡಿಯಲ್ಲಿ ಒಂದರ ಸೂಜಿ ಮೇಲ್ಮುಖ, ಇನ್ನೊಂದರದು ಕೆಳಮುಖ. ಕಾಂತದಲ್ಲಾದರೋ ಸೂಜಿಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲಬೇಕು. ಹತ್ತಿರ ಸುಳಿದ ಕಾಂತೀಯ ಪರಮಾಣು ಆ ಜೋಡಿಗಳನ್ನು ಒಡೆಯುತ್ತದೆ. ಲ್ಯಾಂಥನಮ್ ಎಂಬ ಲೋಹ ತಣ್ಣಗಾದಾಗ ಅತಿವಾಹಕವಾಗುತ್ತದೆ. ಅದಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಗ್ಯಾಡೊಲಿನಿಯಂ ಬೆರೆಸಿದರೆ ಸಾಕು, ಆ ಗುಣ ನಾಶವಾಗುತ್ತದೆಂದು 1958ರಲ್ಲೇ ತಿಳಿದಿತ್ತು. ಹೀಗಿರುವಾಗ ಹರಳಿನ ತುಂಬ ಕಬ್ಬಿಣದ ಪರಮಾಣುಗಳನ್ನು ಕೂರಿಸಿ ಅತಿವಾಹಕತ್ವವನ್ನು ನಿರೀಕ್ಷಿಸುವುದೆಂದರೆ!

ಡೇ ಮತ್ತು ಅವರ ಸಂಗಡಿಗರಾದ ಕುರ್ಮೂ, ಗ್ರಹಾಂ ಮೊದಲಾದವರು ಹಿಡಿದದ್ದು ಪದರಗಳ ದಾರಿ. ಇಟಿ ಅಣುಗಳದು ಒಂದು ಹಾಸು. ಅದರ ಮೇಲೆ ಕಬ್ಬಿಣ ಮತ್ತು ಆಕ್ಸಲೇಟಿನದು ಇನ್ನೊಂದು ಹಾಸು. ಮತ್ತೆ ಇಟಿ, ಮತ್ತೆ ಕಬ್ಬಿಣ. ಆಕ್ಸಲೇಟ್ ನಮಗೆ ಅಪರಿಚಿತವಲ್ಲ. ಮಳೆಗಾಲದಲ್ಲಿ ಪತ್ರೊಡೆ ಮಾಡುವಾಗ ಕೆಸುವಿನ ಎಲೆಗೆ ಹುಳಿ ಸಾಲದಾದರೆ ನಾಲಿಗೆ ತುರಿಸುವುದು ಆಕ್ಸಲೇಟಿನ ಸೂಜಿಗಳಿಂದಲೇ. ಪ್ರತಿ ಕಬ್ಬಿಣವನ್ನೂ ಮೂರು ಆಕ್ಸಲೇಟುಗಳು ಸುತ್ತುವರಿದು, ಆ ಹಾಸು ಜೇನುಹುಟ್ಟಿನಂತೆ ಆರು ಮೂಲೆಯ ಕೋಣೆಗಳಾಗಿ ಹರಡಿದೆ. ಒಂದು ಹಾಸಿನಲ್ಲಿ ವಿದ್ಯುತ್ತು ಹರಿಯಬೇಕು, ಇನ್ನೊಂದರಲ್ಲಿ ಕಾಂತಸೂಜಿಗಳು ನಿಲ್ಲಬೇಕು. ಒಂದೇ ಮನೆ, ಬೇರೆ ಬೇರೆ ಮಹಡಿ.

ಹರಳು ಬೆಳೆಸುವ ವಿಧಾನವಂತೂ ತಾಳ್ಮೆಯ ಪರೀಕ್ಷೆ. ಗಾಜಿನ ಕೋಶದಲ್ಲಿ ದ್ರಾವಣ, ಅದರಲ್ಲಿ ಪ್ಲಾಟಿನಮ್ ತಂತಿಗಳು, ತಂತಿಗಳ ನಡುವೆ ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನ ಆಸುಪಾಸಿನ ವಿದ್ಯುತ್ತು. ಅಲುಗಾಡಿಸದೆ ವಾರಗಟ್ಟಲೆ ಕಾಯಬೇಕು. ಕೊನೆಗೆ ತಂತಿಯ ಮೇಲೆ ಒಂದೆರಡು ಮಿಲಿಮೀಟರಿನ ಕಪ್ಪು ಚೂರುಗಳು ಕಾಣಿಸಿಕೊಂಡರೆ ಪುಣ್ಯ.

ಫಲಿತಾಂಶ ಪ್ರಕಟವಾದದ್ದು 1995ರಲ್ಲಿ. ತಂಡ ಒಂದೇ ಮಾದರಿಯ ಮೂರು ಹರಳುಗಳನ್ನು ಬೆಳೆಸಿತ್ತು. ಜೇನುಹುಟ್ಟಿನ ಹಾಸಿನಲ್ಲಿ ಕಬ್ಬಿಣದ ಪಕ್ಕದ ಸ್ಥಾನವೊಂದರಲ್ಲಿ ಒಂದಕ್ಕೆ ಪೊಟ್ಯಾಸಿಯಂ, ಇನ್ನೊಂದಕ್ಕೆ ಅಮೋನಿಯಂ, ಮತ್ತೊಂದಕ್ಕೆ ನೀರು. ಉಳಿದುದೆಲ್ಲ ಒಂದೇ: ಅದೇ ಇಟಿ, ಅದೇ ಕಬ್ಬಿಣ, ಅದೇ ಆಕ್ಸಲೇಟ್. ಪೊಟ್ಯಾಸಿಯಂ ಮತ್ತು ಅಮೋನಿಯಂ ಇದ್ದ ಹರಳುಗಳು ಅರೆವಾಹಕಗಳಾಗಿ ಉಳಿದವು. ನೀರು ಕೂತ ಹರಳನ್ನು 10 ಕೆಲ್ವಿನ್ನಿಗಿಂತ ಕೆಳಕ್ಕೆ ತಣಿಸಿದಾಗ ಅದು ಅತಿವಾಹಕವಾಯಿತು. ಕಾಂತೀಯ ಪರಮಾಣುಗಳನ್ನು ಒಡಲಲ್ಲಿ ಇಟ್ಟುಕೊಂಡ ಮೊದಲ ಆಣ್ವಿಕ ಅತಿವಾಹಕ ಅದು. ಪ್ರತಿ ಕಬ್ಬಿಣದಲ್ಲೂ ಐದೈದು ಒಂಟಿ ಎಲೆಕ್ಟ್ರಾನುಗಳು ತಮ್ಮ ಸೂಜಿಗಳೊಡನೆ ಎಚ್ಚರವಾಗಿಯೇ ಇದ್ದವು. ಮೇಲಿನ ಮಹಡಿಯ ಜೋಡಿಗಳು ಒಡೆಯಲಿಲ್ಲ.

ಮೂರು ಹರಳುಗಳಿಗೆ ಈ ವ್ಯತ್ಯಾಸವೇಕೆ? ಕ್ಷ-ಕಿರಣಗಳಿಂದ ನೋಡಿದಾಗ ಉತ್ತರ ಸಿಕ್ಕಿತು. ವಿಫಲವಾದ ಹರಳುಗಳಲ್ಲಿ ಇಟಿ ಅಣುಗಳು ಎರಡೆರಡಾಗಿ ಒತ್ತಿಕೊಂಡು, ವಿದ್ಯುದಂಶವನ್ನು ತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದವು; ಸುತ್ತಲಿನ ಅಣುಗಳಿಗೆ ಏನೂ ದಕ್ಕಿರಲಿಲ್ಲ. ಗೆದ್ದ ಹರಳಿನಲ್ಲಿ ಅದು ಹಾಸಿನ ತುಂಬ ಹಂಚಿಹೋಗಿತ್ತು. ಮೂವತ್ತರ ಹರೆಯದೊಳಗೆ ಪ್ರಶ್ಯನ್ ನೀಲಿಯನ್ನು ಮುಂದಿಟ್ಟುಕೊಂಡು ಬರೆದ ವರ್ಗೀಕರಣ, ಸುಮಾರು ಮೂರು ದಶಕಗಳ ಬಳಿಕ ಕಪ್ಪು ಚೂರಿನೊಳಗೆ ಮತ್ತೆ ಎದುರಾಯಿತು: ಒಂದು ಕಡೆ ಪಾಲಾದ ಮನೆ, ಇನ್ನೊಂದು ಕಡೆ ಕೂಡುಮನೆ.

ಈ ಕೆಲಸ ನಡೆದ ಕಟ್ಟಡದ ಬಗ್ಗೆಯೂ ಎರಡು ಮಾತು ಹೇಳಬೇಕು. ಡೇ 1988ರಿಂದ ಫ್ರಾನ್ಸಿನ ಗ್ರೆನೋಬಲ್‌ನ ನ್ಯೂಟ್ರಾನ್ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದು, 1991ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ನಿರ್ದೇಶಕರಾಗಿ ಬಂದರು. 1998ರವರೆಗೆ ಆ ಹೊಣೆ ಹೊತ್ತರು. ಅಲ್ಲಿನ ಫುಲ್ಲೇರಿಯನ್ ರಸಾಯನ ಪೀಠವೂ ಅವರದಾಯಿತು. ಆ ಪೀಠದ ಮೊದಲ ಅಧ್ಯಾಪಕ ಮೈಕೆಲ್ ಫ್ಯಾರಡೆ. ವಿದ್ಯುತ್ತು ಮತ್ತು ಕಾಂತಗಳ ನೆಂಟಸ್ತಿಕೆಯನ್ನು ಅದೇ ಮನೆಯಲ್ಲಿ ಶೋಧಿಸಿದ ಫ್ಯಾರಡೆಯೇ 1825ರಲ್ಲಿ, ದೀಪದ ಅನಿಲದ ಉಳಿಕೆಯೊಳಗಿಂದ ಬೆಂಜೀನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದ. ಸಾವಯವ ರಸಾಯನಶಾಸ್ತ್ರದ ಅರ್ಧ ಸಂಸಾರ ಆ ಆರು ಇಂಗಾಲಗಳ ಉಂಗುರದ ಮೇಲೆ ನಿಂತಿದೆ. ಡೇ ಅವರ ಹರಳಿನ ಜೇನುಹುಟ್ಟಿನ ಕೋಣೆಗಳಲ್ಲಿ ತುಂಬಿಕೊಂಡದ್ದು ಬೆಂಜೋನೈಟ್ರೈಲ್ ಎಂಬ ದ್ರಾವಕ, ಅಂದರೆ ಬಾಲವೊಂದನ್ನು ಅಂಟಿಸಿಕೊಂಡ ಅದೇ ಬೆಂಜೀನ್ ಉಂಗುರ. ಅತಿಥಿಯಾಗಿ ಬಂದು ಕೂತ ಆ ಅಣುವನ್ನು ಬದಲಿಸಿದರೆ ಹರಳಿನ ನಡತೆಯೇ ಬದಲಾಗುತ್ತದೆ.

ಭಾರತಕ್ಕೂ ಆ ಮನೆಗೂ ಇದೇ ವಿಷಯದಲ್ಲಿ ಹಳೆಯ ನಂಟಿದೆ. ರಾಮನ್ ಅವರ ಸಹಸಂಶೋಧಕರಾಗಿದ್ದ ಕೆ. ಎಸ್. ಕೃಷ್ಣನ್ ಕಲ್ಕತ್ತೆಯಲ್ಲಿ ಸಾವಯವ ಹರಳುಗಳ ಕಾಂತಗುಣವನ್ನು ದಿಕ್ಕು ದಿಕ್ಕಿಗೂ ಅಳೆಯುತ್ತಿದ್ದಾಗ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅದೇ ಹಾದಿಯಲ್ಲಿದ್ದರು. ಕಾಂತಗುಣದ ಅಳತೆಯಿಂದ ಹರಳಿನೊಳಗೆ ಅಣುಗಳು ಹೇಗೆ ಮಲಗಿವೆಯೆಂದು ತಿಳಿಯುವ ಬಗೆಯನ್ನು ಇಬ್ಬರೂ ಸೇರಿ 1936ರಲ್ಲಿ ಪ್ರಕಟಿಸಿದರು. ಸಾವಯವ ಹರಳಿಗೂ ಕಾಂತಕ್ಕೂ ಏನು ಸಂಬಂಧವೆಂದು ಕೇಳುವವರು ಆ ಪ್ರಬಂಧವನ್ನು ನೆನೆಯಬೇಕು.

ಇದರಿಂದ ಉಪಯೋಗವೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಸಿಹಿ ಮಾಡುವುದು ಬೇಡ. 10 ಕೆಲ್ವಿನ್ನಿನೊಳಗೆ, ದ್ರವ ಹೀಲಿಯಮ್ಮಿನ ಚಳಿಯಲ್ಲಿ ಮಾತ್ರ ಎಚ್ಚರಗೊಳ್ಳುವ ಒಂದು ಮಿಲಿಮೀಟರಿನ ಚೂರಿನಿಂದ ಯಾರ ಮನೆಯ ದೀಪವೂ ಉರಿಯದು. ಸಾವಯವ ವಾಹಕಗಳ ದೂರದ ದಾಯಾದಿಗಳು ಮಾತ್ರ ಲೋಕಪ್ರಸಿದ್ಧರಾಗಿದ್ದಾರೆ. ವಿದ್ಯುತ್ತು ಹರಿಸುವ ಪ್ಲಾಸ್ಟಿಕ್‌ಗಳಿಗಾಗಿ ಹೀಗರ್, ಮೆಕ್‌ಡಿಯರ್ಮಿಡ್ ಮತ್ತು ಶಿರಕಾವ 2000ದಲ್ಲಿ ನೊಬೆಲ್ ಪಡೆದರು. ಇಂದಿನ ಅನೇಕ ಮೊಬೈಲ್ ಫೋನುಗಳ ಪರದೆ ಬೆಳಗುವುದು ಸಾವಯವ ಅಣುಗಳಿಂದ. ಆ ಕೀರ್ತಿಯನ್ನು ಡೇ ಅವರ ಹರಳಿಗೆ ಹೊರಿಸುವುದು ಅಪ್ರಾಮಾಣಿಕವಾದೀತು. ವಿಜ್ಞಾನವನ್ನು ಸಮರ್ಥಿಸಲು ಹೊರಟವರು ಮಾತುಮಾತಿಗೆ ಫೋನನ್ನೂ ದೀಪವನ್ನೂ ತೋರಿಸುವುದು, ಬೆಂಜೀನ್ ಶೋಧದ ಬೆಲೆಯನ್ನು ಅದೇ ವರ್ಷದ ಲೆಕ್ಕಪತ್ರದಲ್ಲಿ ಹುಡುಕಿದಂತೆ. ಎರಡು ಗುಣಗಳು ಒಟ್ಟಿಗೆ ಇರಲಾರವೆಂದು ಎಲ್ಲರೂ ಹೇಳುತ್ತಿದ್ದಾಗ, ಯಾವ ದೂರದಲ್ಲಿ, ಯಾವ ಜೋಡಣೆಯಲ್ಲಿ ಇರಲಾರವು ಎಂದು ಮರುಪ್ರಶ್ನಿಸಿ, ಕಾದು, ಅಳೆದು ಉತ್ತರ ತಂದದ್ದೇ ಸಾಕಷ್ಟು ದೊಡ್ಡ ಕೆಲಸವೆಂದು ನಾವು ತಿಳಿಯುತ್ತೇವೆ. ಡೇ ಅವರಿಗೆ ತಮ್ಮ ಬಗ್ಗೆ ಇಂಥ ಭಾರದ ಮಾತುಗಳ ಅಗತ್ಯ ಕಂಡಂತಿಲ್ಲ. 2012ರಲ್ಲಿ ಪ್ರಕಟಿಸಿದ ಆತ್ಮಕಥನದ ಉಪಶೀರ್ಷಿಕೆಯಲ್ಲಿ ಅವರು ತಮ್ಮನ್ನು ಕರೆದುಕೊಂಡದ್ದು ಊರೂರು ಅಲೆದು ಸಿಕ್ಕ ಕೆಲಸ ಮಾಡುವ ವಿಜ್ಞಾನಿ ಎಂದು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1995ರ ಹರಳಿನಲ್ಲಿ ಕಬ್ಬಿಣದ ಸೂಜಿಗಳು ಇದ್ದವು, ಆದರೆ ಕವಾಯತಿನಂತೆ ಒಂದೇ ದಿಕ್ಕಿಗೆ ನಿಂತಿರಲಿಲ್ಲ. ಅದು ಪೂರ್ಣ ಕಾಂತವಲ್ಲ. 2000ದಲ್ಲಿ ಸ್ಪೇನಿನ ವಲೆನ್ಸಿಯದ ಕೊರೊನಾಡೊ ಅವರ ತಂಡ ಅದೇ ಇಟಿ ಅಣುವನ್ನು ಮ್ಯಾಂಗನೀಸ್–ಕ್ರೋಮಿಯಂ ಆಕ್ಸಲೇಟಿನ ಜೇನುಹುಟ್ಟಿನೊಡನೆ ಜೋಡಿಸಿದಾಗ, ಸುಮಾರು 5.5 ಕೆಲ್ವಿನ್ನಿನ ಕೆಳಗೆ ನಿಜವಾದ ಕಾಂತವೂ ಲೋಹದಂಥ ವಾಹಕವೂ ಒಂದೇ ಹರಳಿನಲ್ಲಿ ದೊರೆತವು. ಅಲ್ಲಿ ಅತಿವಾಹಕತ್ವ ಬರಲಿಲ್ಲ. 2010ರಲ್ಲಿ ಅದೇ ತಂಡ ಟ್ಯಾಂಟಲಮ್ ಸಲ್ಫೈಡಿನ ಹಾಳೆಗಳನ್ನೂ ನಿಕ್ಕಲ್–ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹಾಳೆಗಳನ್ನೂ ಒಂದರ ಮೇಲೊಂದು ಜೋಡಿಸಿ, ಅತಿವಾಹಕತ್ವ ಮತ್ತು ಪೂರ್ಣ ಕಾಂತತ್ವ ಎರಡನ್ನೂ ಒಂದೇ ಹರಳಿನಲ್ಲಿ ಕಂಡಿತು. ಪದರಗಳ ಉಪಾಯ ಅದೇ. ಆದರೆ ಆ ಹಾಳೆಗಳಲ್ಲಿ ಸಾವಯವ ಅಣು ಇರಲಿಲ್ಲ.